ಕುಂಬಳಕಾಯಿಗೆ ಒಬ್ಬ ಗಂಡಸು

ಹಲ್ಲುಪುಡಿಯ ಬಾಯಲ್ಲೇ ಹಿತ್ತಲಕ್ಕೆ ಬಂದ ನೀಲಗಂಗವ್ವ ಕುಂಬಳಕಾಯಿಯ ತೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಒಣಗಿತ್ತು. ಸಿಪ್ಪೆಗೆ ಉಗುರು ಚುಚ್ಚಿದಳು, ಇಳಿಯಲಿಲ್ಲ. ಇನ್ನೂ ಎಳಸು, ಇನ್ನೂ ಎಳಸು ಎಂದು ತನಗೆ ತಾನೇ ಹೇಳಿಕೊಂಡು ಇಷ್ಟು ದಿನ ನೂಕಿದ್ದಳು. ಇನ್ನು ಹಾಗೆನ್ನಲು ಕಾಯಿಯೇ ಬಿಡುವಂತಿರಲಿಲ್ಲ. ಮೊದಲ ಸಲ ಮಣ್ಣಿಗೆ ಕೈ ಹಚ್ಚಿದವಳ ಹಿತ್ತಲದಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಂಥ ಕಾಯಿ ಬಲಿತು ಕೂತಿದೆ, ಖುಷಿಪಡುವುದು ಬಿಟ್ಟು ಎದೆಯಲ್ಲಿ ಅವಲಕ್ಕಿ ಕುಟ್ಟಿಸಿಕೊಳ್ಳುವುದೇನು ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಮೋಟುಗೋಡೆಯ ಆಚೆ ಪಕ್ಕದ ಮನೆಯ ಪ್ರೇಮವ್ವ ಬಟ್ಟೆ ಹಿಂಡುತ್ತಿದ್ದಳು. ಹಿಂಡುತ್ತಲೇ ಕತ್ತು ಉದ್ದ ಮಾಡಿ ಕಾಯಿ ನೋಡಿದಳು, ನೋಡಿ ಕೇಳಿದಳು. ನಾಳೆ ಶೀಗಿ ಹುಣ್ಣಿವಿ, ಯಜಮಾನರು ಬರತಾರಲ್ರಿ ಅಕ್ಕಾರ, ಕಾಯಿ ಒಡೀಬೇಕಲ್ಲ ಎಂದು. ಬರತಾರ್ರಿ, ಬರದ ಏನ್ಮಾಡತಾರ ಎಂದುಬಿಟ್ಟಳು ನೀಲಗಂಗವ್ವ. ನಾಲಿಗೆಗೆ ರೂಢಿಯಾಗಿಹೋಗಿತ್ತು, ಮನಸ್ಸನ್ನು ಕೇಳುವುದನ್ನೇ ಅದು ಬಿಟ್ಟುಬಿಟ್ಟಿತ್ತು.

ಹುಟ್ಟಿದಾಗಿನಿಂದ ಕೇಳಿದ ಮಾತು. ಶೀಗಿ ಹುಣ್ಣಿಮೆಯ ಎಡೆಗೆ ಕುಂಬಳಕಾಯಿ ಬೇಕೇ ಬೇಕು, ಆದರೆ ಇಡೀ ಕಾಯಿಗೆ ಮೊದಲ ಏಟು ಹೆಂಗಸು ಹಾಕಬಾರದು. ಅದು ಮನೆಯ ಮಗನಿದ್ದ ಹಾಗಂತೆ, ಹೆಣ್ಣಿನ ಕೈಯಲ್ಲಿ ಒಡೆದರೆ ಮನೆಗೆ ಒಳ್ಳೆಯದಲ್ಲವಂತೆ. ಗಂಡಸು ಒಮ್ಮೆ ಕತ್ತಿ ಇಳಿಸಿದನೆಂದರೆ ಮುಂದೆ ಹೆಚ್ಚೋದು, ಬೇಯಿಸೋದು, ಬಡಿಸೋದು, ಭಾಂಡೆ ತಿಕ್ಕೋದು ಎಲ್ಲವನ್ನೂ ಹೆಂಗಸರು ಧಾರಾಳವಾಗಿ ಮಾಡಬಹುದು, ಅದಕ್ಕೆ ಯಾರದೂ ಅಡ್ಡಿಯಿಲ್ಲ. ಬ್ಯಾಡಗಿಯಲ್ಲಿ ಅಪ್ಪನನ್ನು ಅಂಗಡಿಯಿಂದ ಕರೆಸುತ್ತಿದ್ದರು. ಮೆಣಸಿನಕಾಯಿಯ ಘಾಟು ಮೈತುಂಬ ಹೊತ್ತು ಬಂದು, ಚಪ್ಪಲಿ ಕೂಡ ಬಿಡದೆ ಪಡಸಾಲೆಯ ಅಂಚಿಗೇ ಕಾಯಿ ತರಿಸಿ, ಒಂದು ಏಟು ಹಾಕಿ, ಅವ್ವನ ಮುಖ ನೋಡದೆ ವಾಪಸು ಹೋಗುತ್ತಿದ್ದ. ಅವ್ವ ಆಮೇಲೆ ನೆಲಕ್ಕೆ ಕೂತು ಆ ಎರಡು ಹೋಳುಗಳನ್ನು ಹೆಚ್ಚುತ್ತಿದ್ದಳು. ಇಷ್ಟಕ್ಕೇ ಒಬ್ಬ ಮನುಷ್ಯ ಅಷ್ಟು ದೂರದಿಂದ ಬಂದು ಹೋಗಬೇಕೇನು ಎಂದು ನೀಲಾ ಒಮ್ಮೆ ಕೇಳಿದ್ದಕ್ಕೆ, ಬರಾಕ ಮನುಷ್ಯ ಇದ್ದಾನಲ್ಲ ಅನ್ನು ಎಂದಿದ್ದಳು ಅವ್ವ. ಅದರಲ್ಲಿ ಏನಿತ್ತು ಎಂದು ಆಗ ತಿಳಿದಿರಲಿಲ್ಲ.

ಈ ಮನೆ ಸಿಕ್ಕಿದ್ದೇ ಒಂದು ಸುಳ್ಳಿನ ಮೇಲೆ. ಬ್ಯಾಡಗಿ ಬೇಡವೇ ಬೇಡ ಎಂದು ರಾಣೇಬೆನ್ನೂರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ವರ್ಗ ಮಾಡಿಸಿಕೊಂಡು ಬಂದಾಗ ಓಣಿ ಓಣಿ ತಿರುಗಿ ಕಾಲು ಬಿದ್ದುಹೋಗಿದ್ದವು. ಎಲ್ಲ ಕಡೆ ಅದೇ ಪ್ರಶ್ನೆ, ಯಜಮಾನರೆಲ್ಲಿ. ಇಲ್ಲ ಎಂದರೆ ಕೊರಳ ತಾಳಿ ನೋಡುತ್ತಿದ್ದರು. ಇದ್ದಾರೆ, ಆದರೆ ನನ್ನ ಜೊತೆ ಇಲ್ಲ ಎಂದರೆ ಅಡಿಯಿಂದ ಮುಡಿಯತನಕ ನೋಡುತ್ತಿದ್ದರು. ಕರಬಸಪ್ಪನವರು ಹಾಗೆ ನೋಡಲಿಲ್ಲ. ಮುಂದಿನ ಮನೆಯಲ್ಲಿ ತಾವಿದ್ದು ಹಿಂದಿನದನ್ನು ಬಾಡಿಗೆಗೆ ಕೊಡುವ ಆ ಮುದುಕರು ಎಲೆಗೆ ಸುಣ್ಣ ಹಚ್ಚುತ್ತ, ಒಬ್ಬಾಕೆ ಹೆಣ್ಣಮಗಳಿಗೆ ನಾವು ಮನಿ ಕೊಡೂದಿಲ್ಲ ತಂಗಿ, ತಪ್ಪ ತಿಳೀಬ್ಯಾಡ, ಯಜಮಾನರು ಅದಾರಂದ್ರ ಮಾತು ಬ್ಯಾರೆ ಎಂದರು. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದಾರೆ, ರಜಾ ಸಿಕ್ಕಾಗ ಬಂದು ಹೋಗುತ್ತಾರೆ ಎಂದಳು. ಅವತ್ತು ಬೆಳಿಗ್ಗೆ ಯಾರಿಗೋ ದಾಂಡೇಲಿಗೆ ಟ್ರಂಕ್ ಕಾಲ್ ಹಚ್ಚಿಕೊಟ್ಟಿದ್ದಳು, ಅದೇ ಬಾಯಿಗೆ ಬಂತು. ಗುಲಬರ್ಗಾ ಹಚ್ಚಿದ್ದರೆ ಗಂಡ ಗುಲಬರ್ಗಾದಲ್ಲಿರುತ್ತಿದ್ದ. ಕರಬಸಪ್ಪನವರು ಕೀಲಿಕೈ ಕೊಟ್ಟರು. ಆ ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡ ದಿನದಿಂದ ಈ ಮನೆ ಆ ದಾಂಡೇಲಿಯ ಮೇಲೇ ನಿಂತಿದೆ, ಅದು ಕುಸಿದರೆ ಇದೂ ಇಲ್ಲ ಎಂಬುದು ಅವಳಿಗೆ ಊಟಕ್ಕೆ ಕೂತಾಗಲೂ ನೆನಪಿರುತ್ತಿತ್ತು.

ಒಂದು ಸುಳ್ಳನ್ನು ಸಾಕುವುದೆಂದರೆ ಮನೆಯಲ್ಲಿ ಎಮ್ಮೆ ಸಾಕಿದ ಹಾಗೆ, ದಿನಾ ಹುಲ್ಲು ಹಾಕಬೇಕು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಜಾಹೀದಾ ಅವಳನ್ನು ಪಾವಕಿಲೋ ಅಕ್ಕ ಎಂದು ಕರೆಯತೊಡಗಿದ್ದಳು. ಎಲ್ಲದರಲ್ಲೂ ಪಾವು ಕಿಲೋ, ಅರ್ಧ ಸಿವುಡು, ಮನ್ಯಾಗ ಗುಬ್ಬಿ ಸಾಕೀರೇನು ಎಂದು ನಕ್ಕಿದ್ದಳು, ಹೊಟ್ಟೆಯಲ್ಲಿ ಕೆಟ್ಟದ್ದೇನೂ ಇಟ್ಟುಕೊಂಡಲ್ಲ. ಆದರೆ ಪಕ್ಕದಲ್ಲೇ ಪ್ರೇಮವ್ವ ನಿಂತು ಬದನೆಕಾಯಿ ಆರಿಸುತ್ತಿದ್ದಳು. ಆ ವಾರದಿಂದ ನೀಲಗಂಗವ್ವ, ಯಜಮಾನರು ಬರುವವರಿದ್ದಾರೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕಿಲೋಗಟ್ಟಲೆ ತರತೊಡಗಿದಳು. ಸವತಿಕಾಯಿ, ಟೊಮ್ಯಾಟೊ, ಜಾಹೀದಾಳ ಗಂಡ ಒಡೆದಿಟ್ಟ ಕುಂಬಳಕಾಯಿಯ ದೊಡ್ಡ ಹೋಳು. ಒಬ್ಬಳು ಎಷ್ಟು ತಿಂದಾಳು. ನಾಲ್ಕು ದಿನಕ್ಕೆ ಕೊಳೆತು ನಾರತೊಡಗಿದರೆ ಹೊರಗೆ ಚೆಲ್ಲುವ ಹಾಗೂ ಇಲ್ಲ, ಚೆಲ್ಲಿದರೆ ಓಣಿ ನೋಡುತ್ತದೆ. ಹಿತ್ತಲದ ಮೂಲೆಯಲ್ಲಿ, ಒಡಕು ಹಂಚು, ಇದ್ದಿಲ ಬೂದಿ ಸುರಿದಿದ್ದ ಜಾಗದಲ್ಲಿ ಕಬ್ಬಿಣದ ಸಲಾಕಿಯಿಂದ ತೋಡಿ ಹುಗಿದುಬಿಡುತ್ತಿದ್ದಳು. ತಿನ್ನುವ ಅನ್ನವನ್ನು ಕಳ್ಳತನದಲ್ಲಿ ಮಣ್ಣು ಮಾಡುವಾಗ ಪಾಪ ತಟ್ಟೀತು ಎಂದು ನಿಜವಾಗಿ ಹೆದರುತ್ತಿದ್ದಳು. ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಆ ಮೂಲೆಯಲ್ಲಿ ಎರಡು ದಪ್ಪ ಎಲೆಗಳು ತಲೆ ಎತ್ತಿ ನಿಂತಿದ್ದವು. ಹಾವು ಕಂಡವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು. ತಾನು ಮುಚ್ಚಿಟ್ಟಿದ್ದು ಮೇಲೆ ಬರುತ್ತಿದೆ.

ಆಮೇಲೆ ಅದನ್ನು ಕೀಳಲು ಮನಸ್ಸಾಗಲಿಲ್ಲ. ಕೀಳದೆ ಸುಮ್ಮನೆ ಬಿಡಲೂ ಆಗಲಿಲ್ಲ. ಪ್ರೇಮವ್ವನಲ್ಲಿ ಗುದ್ದಲಿ ಕೇಳಿ ತಂದು ಹಂಚಿನ ಚೂರುಗಳನ್ನೆಲ್ಲ ಆರಿಸಿ, ಬಚ್ಚಲ ನೀರನ್ನು ತಿರುಗಿಸಿ, ಅಂಕುಡೊಂಕಾಗಿ ಎರಡು ಮಡಿ ಮಾಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಮರುದಿನ ಎಕ್ಸ್‌ಚೇಂಜಿನಲ್ಲಿ ಪ್ಲಗ್ ಹಿಡಿಯಲು ಆಗಲಿಲ್ಲ. ಅಡಿಗೆಮನೆಯ ಡಬ್ಬಿಯಿಂದ ಮೆಂತ್ಯ ತೆಗೆದು ಒತ್ತೊತ್ತಾಗಿ ಉದುರಿಸಿದಳು, ಅದು ಉಸಿರು ಕಟ್ಟಿದವರ ಹಾಗೆ ಒಂದರ ಮೇಲೊಂದು ಬಿದ್ದು ಹುಟ್ಟಿ ಅರ್ಧ ಹಳದಿಯಾಯಿತು. ಬದನೆ ಸಸಿಗಳನ್ನು ಹುಳ ತಿಂದಿತು. ನೀರು ಹೆಚ್ಚು ಹಾಕಿದಳು, ಕಡಿಮೆ ಹಾಕಿದಳು, ಡ್ಯೂಟಿಯಲ್ಲಿ ಕೂತು ಮಳೆ ಬರಲೋ ಬೇಡವೋ ಎಂದು ಕಳವಳಪಟ್ಟಳು. ಕುಂಬಳದ ಬಳ್ಳಿ ಮಾತ್ರ ಯಾರ ಹಂಗಿಲ್ಲದೆ ಹಬ್ಬಿತು. ಹೂವಿಗೇನೂ ಕಡಿಮೆಯಿರಲಿಲ್ಲ, ಹೀಚು ಮಾತ್ರ ನಿಲ್ಲುತ್ತಿರಲಿಲ್ಲ. ಗಂಡು ಹೂವ ಹರದು ಹೆಣ್ಣ ಹೂವಿಗೆ ತಿಕ್ರಿ ಅಕ್ಕಾರ ಎಂದು ಪ್ರೇಮವ್ವ ಗೋಡೆಯಾಚೆಯಿಂದ ಹೇಳಿಕೊಟ್ಟಳು, ಹೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮರುದಿನ ಬೆಳಕು ಹರಿಯುವಾಗ ಯಾರೂ ಇಲ್ಲದ್ದು ನೋಡಿ ನೀಲಗಂಗವ್ವ ಹಾಗೇ ಮಾಡಿದಳು. ಕೈಗೆ ಹಳದಿ ಪುಡಿ ಅಂಟಿತು, ಮುಖ ಬಿಸಿಯಾಯಿತು, ಮೂವತ್ತೆಂಟು ವರ್ಷದವಳು ಹೂವಿನ ಮುಂದೆ ನಾಚುವುದೇ ಎಂದು ನಗುವೂ ಬಂತು. ಆ ಒಂದು ಕಾಯಿ ನಿಂತಿತು. ದಿನಾ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಮೊದಲು ಅದನ್ನು ನೋಡಿ ಬರುತ್ತಿದ್ದಳು. ಮನೆಯಲ್ಲಿ ತನಗಾಗಿ ಏನೋ ಒಂದು ಇದೆ ಎಂಬುದು ಅವಳಿಗೆ ಹೊಸದು. ಅದು ಬೆಳೆದಷ್ಟೂ ಕತ್ತಿ ಹಿಡಿಯುವ ಗಂಡಸು ಹತ್ತಿರ ಬರುತ್ತಾನೆ ಎಂಬುದನ್ನು ಮರೆತಿದ್ದಳೋ, ಮರೆತ ಹಾಗೆ ಮಾಡಿದ್ದಳೋ.

ಎಕ್ಸ್‌ಚೇಂಜಿನಲ್ಲಿ ಅವತ್ತು, ಹುಣ್ಣಿಮೆಯ ಹಿಂದಿನ ದಿನ, ಬ್ಯಾಡಗಿಯ ಗದ್ದಲ. ಮೆಣಸಿನಕಾಯಿ ಪೇಟೆಯ ದಿನ. ಹೆಡ್‌ಸೆಟ್ ಕಿವಿಗೆ ಏರಿಸಿದರೆ ಅರ್ಧ ಊರಿನ ಗಂಡಸರು ತಲೆಯೊಳಗೇ ಬಂದು ಮಾತಾಡಿದ ಹಾಗೆ. ಇಷ್ಟು ಗಂಡಸರಲ್ಲಿ ಒಬ್ಬನಿಗೂ ನಮ್ಮನೆಗೆ ಬಂದು ಒಂದು ಏಟು ಹಾಕಿ ಹೋಗಿರಿ ಎನ್ನುವಂತಿಲ್ಲವಲ್ಲ. ಊಟಕ್ಕೆ ಮುಂಚೆ ಪೇಟೆಯ ಒಬ್ಬ ಸಾವಕಾರರು ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಕಾಲ್ ಹಚ್ಚಿಸಿದರು. ಆ ನಂಬರು ಅವಳಿಗೆ ಗೊತ್ತು. ಬ್ಯಾಡಗಿಯ ಆಪರೇಟರ್ ಲೈನು ಕೊಟ್ಟ ಕೂಡಲೆ ಮೊದಲು ಕೆಮ್ಮು ಬಂತು, ಆಮೇಲೆ ಹಲೋ. ಗುಮಾಸ್ತ ಕೊಟ್ರಪ್ಪ. ಅವಳ ಗಂಡ. ಜಗಳವಾಡಲಿಲ್ಲ, ಹೊಡೆಯಲಿಲ್ಲ, ಒಂದು ಸಂಜೆ ಡ್ಯೂಟಿಯಿಂದ ಬಂದರೆ ಗೂಟದ ಮೇಲೆ ಅವನ ಅಂಗಿಗಳಿರಲಿಲ್ಲ, ಅಷ್ಟೆ. ಅದೇ ಊರಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಇನ್ನೊಬ್ಬಳ ಮನೆಯಲ್ಲಿ ಆ ಅಂಗಿಗಳು ಒಣಗುತ್ತಿದ್ದವು. ಇಲ್ಲಿಗೆ ಬಂದ ಮೇಲೆ ಪೇಟೆ ದಿನ ಆ ಕೆಮ್ಮು ಕೇಳುತ್ತಾಳೆ, ಬ್ಯಾಡಗಿ ಮಾತಾಡ್ರಿ ಎನ್ನುತ್ತಾಳೆ, ಮಾತು ಮುಗಿದರೆ ಪ್ಲಗ್ ಎಳೆಯುತ್ತಾಳೆ. ಗುರುತು ಹಿಡಿದನೋ ಇಲ್ಲವೋ ಅವನೆಂದೂ ತೋರಿಸಿಕೊಂಡವನಲ್ಲ. ಈಗ ಸಾವಕಾರರು ಫೋನ್ ಇಟ್ಟರು. ಅವಳ ಕೈ ಪ್ಲಗ್ಗಿನ ಮೇಲಿತ್ತು, ಎಳೆಯಲಿಲ್ಲ. ಇನ್ನೊಂದು ಮಾತು ಐತೇನ್ರಿ ಸಾವಕಾರ್ರ ಎಂದು ಆ ಕಡೆಯಿಂದ ಕೇಳಿದ.

"ನಾನ್ರಿ. ನೀಲಾ."

ಕೆಮ್ಮು. ಹಿಂದೆ ಚೀಲಗಳನ್ನು ಧೊಪ್ಪೆಂದು ಕೆಡವುವ ಸದ್ದು. ಯಾರಿಗೇನಾತು ಎಂದು ಕೇಳಿದ ಕೊಟ್ರಪ್ಪ. ಸತ್ತ ಸುದ್ದಿಯಲ್ಲದೆ ಇನ್ನೇನಕ್ಕೂ ಅವಳು ಮಾತಾಡಿಸಲಾರಳು ಎಂಬ ಖಾತ್ರಿ ಆ ದನಿಯಲ್ಲಿತ್ತು. ಯಾರಿಗೂ ಏನೂ ಆಗಿಲ್ಲ, ಹಿತ್ತಲದಲ್ಲಿ ಕುಂಬಳಕಾಯಿ ಬೆಳೆದಿದ್ದೇನೆ, ನಾಳೆ ಒಂದು ತಾಸು ಬಂದು ಒಡೆದುಕೊಟ್ಟು ಹೋಗಿ ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳುವಾಗಲೇ ತನ್ನ ದನಿ ಭಿಕ್ಷೆಗೆ ಬಂದವಳ ದನಿಯಾಗಿದ್ದು ಹೆಡ್‌ಸೆಟ್ಟಿನಲ್ಲಿ ತನಗೇ ಕೇಳಿತು. ಆ ಕಡೆ ಇನ್ನೆರಡು ಚೀಲ ಬಿದ್ದವು. ಅವನು ಯೋಚಿಸುತ್ತಿದ್ದ, ನಿಜವಾಗಿಯೂ ಯೋಚಿಸುತ್ತಿದ್ದ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ನಾಳೆ ನಮ್ಮ ಮನ್ಯಾಗೂ ಒಡಿಯೂದೈತೆಲ್ಲ."

ಹೌದಲ್ರಿ ಎಂದಳು. ಕೆಟ್ಟದ್ದಕ್ಕೆ ಹೇಳಿದವನಲ್ಲ, ಇದ್ದ ಸಂಗತಿ ಹೇಳಿದ, ಬಸ್ಸಿನ ಟೈಮು ಹೇಳಿದ ಹಾಗೆ. ನಮ್ಮ ಮನಿ. ಆಮೇಲೆ ಅವನು ಕೇಳಿದ, ಕಾಯಿ ದೊಡ್ಡದೈತೇನು ಎಂದು. ದೊಡ್ಡದೈತ್ರಿ. ಚಲೋ ಆತು ಎಂದ. ಅಷ್ಟರಲ್ಲಿ ಬ್ಯಾಡಗಿಯ ಆಪರೇಟರ್ ನಡುವೆ ಬಂದು, ರಾಣೇಬೆನ್ನೂರು, ಲೈನ್ ಬಿಡ್ರಿ, ಮಂದಿ ಕಾಯಾಕತ್ತಾರ ಎಂದು ಗದರಿದಳು. ನೀಲಗಂಗವ್ವ ಪ್ಲಗ್ ಎಳೆದಳು. ಹೌದಲ್ರಿ ಎಂದದ್ದು ಯಾಕೆ, ಒಪ್ಪಿಕೊಂಡ ಹಾಗಾಯಿತಲ್ಲ, ಬ್ಯಾರೆ ಏನಾದರೂ ಅನ್ನಬಹುದಿತ್ತಲ್ಲ ಎಂದು ಸಂಜೆಯ ತನಕ ಆ ಒಂದು ಮಾತನ್ನೇ ತಿರುವಿ ಹಾಕಿದಳು. ಅವನು ಬರಬೇಕೆಂದು ತಾನು ನಿಜಕ್ಕೂ ಆಸೆಪಟ್ಟಿದ್ದಳು ಎಂಬುದು ಆಗ ಗೊತ್ತಾಯಿತು. ಕಾಯಿಗಲ್ಲ, ಓಣಿಗಲ್ಲ. ಬಾಗಿಲಲ್ಲಿ ಬಂದು ನಿಲ್ಲಬೇಕೆಂದು, ಅಷ್ಟಕ್ಕೇ.

ಮನೆಗೆ ಬಂದಾಗ ಪ್ರೇಮವ್ವ ಗೋಡೆಯ ಹತ್ತಿರವೇ ಇದ್ದಳು. ಅವಳು ಕೇಳುವ ಮೊದಲೇ ನೀಲಗಂಗವ್ವ, ಫೋನ್ ಬಂದಿತ್ರಿ, ರಜಾ ಸಿಗಲಿಲ್ಲಂತ ಎಂದಳು. ಪ್ರೇಮವ್ವ ಪಾಪ ಎನ್ನಲಿಲ್ಲ, ಅಯ್ಯ ಎನ್ನಲಿಲ್ಲ. ನೀವೇನು ಕಾಳಜಿ ಮಾಡಬ್ಯಾಡ್ರಿ, ಕರಬಸಪ್ಪಜ್ಜಾರಿಗೆ ಮಧ್ಯಾಹ್ನನ ಹೇಳಿ ಬಂದೇನಿ, ನಾಳೆ ಮುಂಜಾನೆ ಜಳಕಾ ಮಾಡಿ ಬಂದು ಒಂದು ಏಟು ಹಾಕಿ ಹೋಗತಾರ ಎಂದಳು. ಮಧ್ಯಾಹ್ನ. ಮಧ್ಯಾಹ್ನ ತಾನಿನ್ನೂ ಎಕ್ಸ್‌ಚೇಂಜಿನಲ್ಲಿದ್ದಳು, ರಜಾ ಸಿಗದ ಸುಳ್ಳು ಇನ್ನೂ ಹುಟ್ಟಿಯೇ ಇರಲಿಲ್ಲ. ನಾ ಹೇಳೂಕಿಂತ ಮೊದಲ ಹೆಂಗ ಹೇಳಿದ್ರಿ ಎಂದು ಕೇಳಿದಳು. ಪ್ರೇಮವ್ವನ ಮುಖ ಕೆಂಪಗಾಯಿತು. ಗೋಡೆಯ ಮೇಲಿನ ಸುಣ್ಣ ಕೆರೆಯುತ್ತ, ಆ ಕಡೆ ನೋಡುತ್ತ, ಮೆಲ್ಲಗೆ ಹೇಳಿದಳು.

"ತಿಂಗಳಾ ಯಜಮಾನ್ರ ಅಂಗಿ ಒಗದು ಒಣಹಾಕತೀರೆಲ್ರಿ ಅಕ್ಕಾರ. ಅದರ ಕೊರಳಪಟ್ಟಿ ಒಂದ ದಿನರ ಹೊಲಸ ಆಗಿರಲಿಲ್ರಿ."

ಹೌದು, ಅಂಗಿ. ಪೇಟೆಯಲ್ಲಿ ಕೊಂಡು ತಂದ ನೀಲಿ ಗೆರೆಯ ಅಂಗಿ. ತಿಂಗಳಿಗೊಮ್ಮೆ ನೀರಿಗೆ ಅದ್ದಿ, ಹಿಂಡಿ, ಎಲ್ಲರಿಗೂ ಕಾಣುವ ಹಾಗೆ ತಂತಿಗೆ ಹಾಕಿ, ಇಂಥ ಜಾಣತನ ಇನ್ನಾರಿಗೆ ಬಂದೀತು ಎಂದು ಒಳಗೊಳಗೇ ಹಿಗ್ಗಿದ್ದಳು. ಬಟ್ಟೆ ಒಗೆಯುವುದರಲ್ಲೇ ಜನ್ಮ ಸವೆಸಿದ ಹೆಂಗಸರ ಓಣಿ ಇದು. ಕೊರಳಪಟ್ಟಿ ತಿಕ್ಕಿ ತಿಕ್ಕಿ ಬೆರಳು ಸವೆದವರು. ಅವರ ಮುಂದೆ ಈ ನಾಟಕ. ಹಾಗಾದರೆ ಇಷ್ಟು ದಿನ, ಯಜಮಾನರು ಆರಾಮದಾರೇನ್ರಿ, ಯಜಮಾನರಿಗೆ ಬದನೆಕಾಯಿ ಸೇರತಾವೇನ್ರಿ ಎಂದು ಕೇಳಿದ್ದೆಲ್ಲ, ಗೊತ್ತಿದ್ದೂ ಕೇಳಿದ್ದು. ಕುರುಡನಿಗೆ ದಾರಿ ಬಿಟ್ಟ ಹಾಗೆ ಓಣಿಗೆ ಓಣಿಯೇ ಅವಳ ಸುಳ್ಳಿಗೆ ದಾರಿ ಬಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು, ಮೈಮೇಲೆ ಬಟ್ಟೆ ಇಲ್ಲದೆ ವರ್ಷವಿಡೀ ತಿರುಗಿ ಈಗ ತಿಳಿದ ಹಾಗೆ. ಪ್ರೇಮವ್ವ ಗೋಡೆಯ ಮೇಲಿಂದ ಕೈ ಚಾಚಿ ಅವಳ ಕೈ ಮುಟ್ಟಿದಳು. ಯಾರೂ ಏನೂ ಅನ್ನೂದಿಲ್ರಿ, ನಾಳೆ ಅಜ್ಜಾರು ರಜಾ ಸಿಗಲಿಲ್ಲೇನು ಅಂತ ಕೇಳತಾರ, ನೀವು ಹೂಂ ಅನ್ರಿ, ಅಷ್ಟ ಸಾಕು ಎಂದಳು. ಹೂಂ ಎಂದಳು ನೀಲಗಂಗವ್ವ.

ಕರಬಸಪ್ಪನವರು ಹುಣ್ಣಿಮೆಯ ಬೆಳಿಗ್ಗೆ ಮಡಿ ಧೋತರ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು, ತಮ್ಮ ಮನೆಯದೇ ಕುಡುಗೋಲು ಹಿಡಿದು ಬಂದರು. ಹಿಂದೆ ಪ್ರೇಮವ್ವ. ಕಾಯಿ ಪಡಸಾಲೆಯ ಕಲ್ಲಿನ ಮೇಲಿತ್ತು, ಅದಕ್ಕೆ ಕುಂಕುಮವನ್ನೂ ಹಚ್ಚಿದ್ದಳು. ಮುದುಕರು ಕಾಯಿಯನ್ನು ಮೆಚ್ಚಿಕೊಂಡು ತಟ್ಟಿ ನೋಡಿದರು, ಮೊದಲ ಸಲಕ್ಕೆ ಇಂಥದ್ದು ಬಂತಂದ್ರ ಕೈಗುಣ ಚಲೋ ಐತಿ ತಂಗಿ ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಯಜಮಾನರಿಗೆ ರಜಾ ಸಿಗಲಿಲ್ಲಂತಲ್ಲವಾ, ಕಾರ್ಖಾನಿ ಅಂದ್ರ ಹಂಗ ನೋಡು ಎಂದರು. ಎಷ್ಟು ಮೆತ್ತಗೆ ಹೇಳಿದರು. ಪ್ರೇಮವ್ವ ಹಿಂದಿನಿಂದ ಕಣ್ಣಲ್ಲೇ ಹೂಂ ಅನ್ರಿ ಎನ್ನುತ್ತಿದ್ದಳು. ಒಂದು ಹೂಂ, ಮನೆ ಉಳಿಯುತ್ತದೆ, ಹಿತ್ತಲ ಉಳಿಯುತ್ತದೆ, ಮೊನ್ನೆ ಹಾಕಿದ ಮೆಂತ್ಯದ ಮಡಿ ಉಳಿಯುತ್ತದೆ. ಕೊಟ್ರಪ್ಪ ಈ ಹೊತ್ತಿಗೆ ತನ್ನ ಮನೆಯಲ್ಲಿ ಜಳಕ ಮುಗಿಸಿರುತ್ತಾನೆ. ಅವನಿಗೂ ಅವಳು ಹೌದಲ್ರಿ ಎಂದಿದ್ದಳು. ಇನ್ನೊಂದು ಹೂಂ ಅವಳಿಗೆ ಬೇಡವಾಯಿತು.

"ಅವರು ದಾಂಡೇಲ್ಯಾಗ ಇಲ್ರಿ ಅಜ್ಜಾರ. ಬ್ಯಾಡಗ್ಯಾಗ ಬ್ಯಾರೆ ಸಂಸಾರ ಮಾಡ್ಯಾರ. ಇಲ್ಲಿಗೆ ಅವರು ಎಂದೂ ಬಂದಿಲ್ಲ, ಬರೂದೂ ಇಲ್ಲ."

ಹೇಳಿ, ಅವರ ಕೈಯಿಂದ ಕುಡುಗೋಲು ತೆಗೆದುಕೊಂಡಳು. ಕಸಿದುಕೊಂಡಳು ಎಂದರೂ ತಪ್ಪಲ್ಲ. ಬೀಸಿ ಹೊಡೆದಳು. ಕುಡುಗೋಲು ಸಿಪ್ಪೆಯಲ್ಲಿ ಅರ್ಧ ಇಳಿದು ಸಿಕ್ಕಿಬಿತ್ತು, ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ಜಗ್ಗಿದರೆ ಕಾಯಿಯೇ ಎದ್ದು ಬಂತು. ಇಬ್ಬರು ನೋಡುತ್ತಿದ್ದಾರೆ, ಸೆರಗು ಜಾರಿದೆ, ಮೊಣಕಾಲಲ್ಲಿ ಕಾಯಿ ಒತ್ತಿ ಹಿಡಿದು ಒದ್ದಾಡುತ್ತಿದ್ದಾಳೆ, ಬ್ಯಾಡ್ರಿ ಅಕ್ಕಾರ ಬ್ಯಾಡ್ರಿ ಎಂದು ಪ್ರೇಮವ್ವ ಅಳುದನಿಯಲ್ಲಿ ಅನ್ನುತ್ತಿದ್ದಾಳೆ. ಕೊನೆಗೆ ಕುಡುಗೋಲಿನ ಸಮೇತ ಎತ್ತಿ ಕಲ್ಲಿಗೆ ಕುಕ್ಕಿದಳು. ಒಡೆಯಿತು. ಒಳಗೆಲ್ಲ ಕಡುಕೇಸರಿ, ಚೊಕ್ಕ ಬಲಿತಿತ್ತು.

ಕರಬಸಪ್ಪನವರು ಕಟ್ಟೆಯ ಮೇಲೆ ಕೂತುಬಿಟ್ಟರು. ಸಿಟ್ಟಾಗಿರಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನೀ ಬಂದ ತಿಂಗಳದಾಗ ನನಗ ಗೊತ್ತಾಗಿತ್ತವಾ. ನೀ ಹೇಳಲಿಲ್ಲ, ನಾ ಕೇಳಲಿಲ್ಲ, ಚಂದಾಗಿ ನಡದಿತ್ತು. ಈಗ ನನ್ನ ಮುಂದ ಹೇಳಿಬಿಟ್ಟಿ. ಇನ್ನ ನಾ ಗೊತ್ತಿಲ್ಲ ಅಂತ ಹೆಂಗಿರಲಿ?"

ದೀಪಾವಳಿ ಮುಗೀಲಿ, ಅಷ್ಟರಾಗ ಬ್ಯಾರೆ ಕಡೆ ನೋಡಿಕೋ ತಂಗಿ, ಮನ್ಯಾಗ ಸೊಸಿ ಅದಾಳ, ಬೀಗರು ಬರತಾರ, ನನ್ನ ಕೈಯಾಗ ಇಲ್ಲ ಎಂದರು. ಕಣ್ಣಲ್ಲಿ ನೀರಿತ್ತು, ಖರೇನೇ ಇತ್ತು. ಆಗಲ್ರಿ ಅಜ್ಜಾರ ಎಂದಳು. ಹಬ್ಬದ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು, ದೊಡ್ಡ ಹೋಳೊಂದನ್ನು ಕೊಟ್ಟಳು. ಬೇಡ ಎನ್ನಲು ಅವರಿಗೂ ಆಗಲಿಲ್ಲ, ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು, ಕುಡುಗೋಲು ಒರೆಸಿ ತೆಗೆದುಕೊಂಡು ಹೋದರು. ಪ್ರೇಮವ್ವನೂ ಒಂದು ಹೋಳು ತೆಗೆದುಕೊಂಡಳು. ಬಾಗಿಲ ತನಕ ಹೋದವಳು ತಿರುಗಿ, ಇವತ್ತ ದೇವರ ಎಡಿಗೆ ಬ್ಯಾಡ್ರಿ ಅಕ್ಕಾರ, ನಾಳೆ ಮಾಡತೇನಿ ಎಂದಳು. ಅವಳ ತಪ್ಪೇನೂ ಇರಲಿಲ್ಲ.

ಉಳಿದದ್ದನ್ನು ಹೆಚ್ಚಿ ಪಲ್ಯ ಮಾಡಿದಳು. ಬೆಲ್ಲ, ಖಾರ, ಗುರೆಳ್ಳು ಪುಡಿ, ಏನೂ ಬಿಡಲಿಲ್ಲ. ಓಣಿಯ ತುಂಬ ಹಬ್ಬದಡಿಗೆಯ ವಾಸನೆ, ಎಲ್ಲಿಯೋ ಗಂಡಸೊಬ್ಬ ದೊಡ್ಡದಾಗಿ ನಗುತ್ತಿದ್ದ. ಹಿತ್ತಲದ ಬಾಗಿಲಲ್ಲಿ ತಾಟು ಇಟ್ಟುಕೊಂಡು ಕೂತಳು. ಇನ್ನು ಮತ್ತೆ ಮನೆ ಹುಡುಕಬೇಕು, ಮತ್ತೆ ಬಾಗಿಲು ಬಾಗಿಲಿಗೆ ನಿಲ್ಲಬೇಕು, ಮತ್ತೆ ಕೇಳುತ್ತಾರೆ, ಯಜಮಾನರೆಲ್ಲಿ. ಹೆದರಿಕೆಯಾಯಿತು. ಒಂದು ತುತ್ತು ನುಂಗಿ, ಇಲ್ರಿ ಎಂದು ಮೆಲ್ಲಗೆ ಹೇಳಿ ನೋಡಿದಳು. ಬಾಯಿಗೆ ಒಗ್ಗಲಿಲ್ಲ. ಇನ್ನೊಂದು ತುತ್ತು ತಿಂದು ಮತ್ತೆ ಹೇಳಿದಳು, ಗೋಡೆಯಾಚೆ ಕೇಳುವಷ್ಟು.

"ಯಾರೂ ಇಲ್ರಿ. ನಾ ಒಬ್ಬಾಕಿ."

ಗೋಡೆಯಾಚೆ ಭಾಂಡೆಯ ಸದ್ದು ಸ್ವಲ್ಪ ಹೊತ್ತು ನಿಂತಿತು, ಮತ್ತೆ ಶುರುವಾಯಿತು. ಅವಳು ಎರಡನೇ ಸಲ ಬಡಿಸಿಕೊಂಡಳು.